ಮೆಗಾಸ್ಕ್ವರ್ಟ್

ಮೆಗಾಸ್ಕ್ವರ್ಟ್ ಎಂಬುದು ಪೆಟ್ರೋಲ್ ಎಂಜಿನ್‌ಗೆ ಇಂಧನವನ್ನು ಚಿಮ್ಮಿಸುವ ಪ್ರಮಾಣವನ್ನೂ ಕಿಡಿ ಹೊತ್ತಿಸುವ ಸಮಯವನ್ನೂ ನಿಯಂತ್ರಿಸುವ, ಬಳಕೆದಾರರೇ ಜೋಡಿಸಿ ಹೊಂದಿಸಿಕೊಳ್ಳಬಹುದಾದ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕವಾಗಿದೆ (ಇಸಿಯು). ಅಮೆರಿಕದ ಬ್ರೂಸ್ ಬೌಲಿಂಗ್ ಮತ್ತು ಅಲ್ ಗ್ರಿಪ್ಪೊ ಇದನ್ನು 2001ರಲ್ಲಿ ರೂಪಿಸಿದರು. ಕಾರು ತಯಾರಕರು ಅಳವಡಿಸುವ ಇಸಿಯುವಿನ ಒಳಗಿನ ಕೋಷ್ಟಕಗಳು ಸಾಮಾನ್ಯವಾಗಿ ಮಾಲೀಕರ ಕಣ್ಣಿಗೆ ಬೀಳುವುದಿಲ್ಲ. ಮೆಗಾಸ್ಕ್ವರ್ಟ್‌ನಲ್ಲಿ ಅವನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದು ನೋಡಬಹುದು, ಎಂಜಿನ್ ಚಾಲನೆಯಲ್ಲಿರುವಾಗಲೇ ಬದಲಿಸಬಹುದು. ತಮ್ಮ ಕಾರಿನ ಎಂಜಿನ್ನನ್ನು ತಾವೇ ಟ್ಯೂನ್ ಮಾಡಲು ಕಲಿಯುವ ಹವ್ಯಾಸಿಗಳಲ್ಲಿ ಇದು ಪ್ರಚಾರಕ್ಕೆ ಬಂದುದು ಈ ಗುಣದಿಂದಲೇ.

ಬೆಳವಣಿಗೆ

ಮೊದಲ ಆವೃತ್ತಿಯು ಮೊಟೊರೋಲಾ ಕಂಪನಿಯ 8 ಬಿಟ್ ಮೈಕ್ರೋಕಂಟ್ರೋಲರನ್ನು ಆಧರಿಸಿತ್ತು ಮತ್ತು ಇಂಧನವನ್ನು ಮಾತ್ರ ನಿಯಂತ್ರಿಸುತ್ತಿತ್ತು. ಬಿಡಿಭಾಗಗಳ ಕಿಟ್ ಆಗಿ ದೊರೆಯುತ್ತಿದ್ದ ಇದನ್ನು ಕೊಂಡವರೇ ಬೆಸುಗೆ ಹಾಕಿ ಜೋಡಿಸಿಕೊಳ್ಳುತ್ತಿದ್ದರು. ಕಿಡಿಯ ನಿಯಂತ್ರಣವನ್ನು ಸ್ವಯಂಸೇವಕರು ಬರೆದ ಹೆಚ್ಚುವರಿ ತಂತ್ರಾಂಶ ಒದಗಿಸಿತು. ಎರಡನೆಯ ಆವೃತ್ತಿಯಿಂದ ಅದು ಘಟಕದ ಭಾಗವೇ ಆಯಿತು. ಆರಂಭದ ಇಂಧನ ಕೋಷ್ಟಕದಲ್ಲಿ 8×8, ಅಂದರೆ 64 ಮನೆಗಳಿದ್ದರೆ, ಮೂರನೆಯ ಆವೃತ್ತಿಯಲ್ಲಿ 16×16, ಅಂದರೆ 256 ಮನೆಗಳಿವೆ. ಲ್ಯಾಪ್‌ಟಾಪ್‌ನಲ್ಲಿ ಮೊದಲು ಮೆಗಾಟ್ಯೂನ್, ಅನಂತರ ಟ್ಯೂನರ್‌ಸ್ಟುಡಿಯೊ ಎಂಬ ತಂತ್ರಾಂಶಗಳು ಬಳಕೆಗೆ ಬಂದವು. ಆರ್ಡುಯಿನೊ ಫಲಕವನ್ನು ಆಧರಿಸಿದ ಸ್ಪೀಡುಯಿನೊ ಎಂಬ ಮುಕ್ತ ಯೋಜನೆಯೂ ಟ್ಯೂನರ್‌ಸ್ಟುಡಿಯೊವನ್ನೇ ಬಳಸುತ್ತದೆ.

ಇಂಧನ ಲೆಕ್ಕಾಚಾರ

ಎಂಜಿನ್ನಿಗೆ ಹೋಗುವ ಗಾಳಿಯನ್ನು ಮೆಗಾಸ್ಕ್ವರ್ಟ್ ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ. ಒಳಹರಿವಿನ ಕೊಳವೆಯ ಒತ್ತಡ, ಗಾಳಿಯ ಉಷ್ಣತೆ ಮತ್ತು ಎಂಜಿನ್ನಿನ ವೇಗದಿಂದ ಅದನ್ನು ಲೆಕ್ಕ ಹಾಕುತ್ತದೆ. ಸಿಲಿಂಡರು ಸಿದ್ಧಾಂತದ ಪ್ರಕಾರ ತುಂಬಿಕೊಳ್ಳಬೇಕಾದ ಗಾಳಿಗೂ ನಿಜವಾಗಿ ತುಂಬಿಕೊಳ್ಳುವ ಗಾಳಿಗೂ ಇರುವ ಅನುಪಾತಕ್ಕೆ ಘನಗಾತ್ರ ದಕ್ಷತೆ (ವಿಇ) ಎಂದು ಹೆಸರು. ಈ ಅನುಪಾತ ವೇಗದೊಂದಿಗೂ ಹೊರೆಯೊಂದಿಗೂ ಬದಲಾಗುವುದರಿಂದ ಅದನ್ನು ಒಂದೇ ಸಂಖ್ಯೆಯಲ್ಲಿ ಹೇಳಲಾಗದು, ಕೋಷ್ಟಕವೇ ಬೇಕು. ಇಂಧನ ಟ್ಯೂನಿಂಗ್ ಎಂದರೆ ಬಹುಮಟ್ಟಿಗೆ ಈ ಕೋಷ್ಟಕವನ್ನು ಸರಿಯಾಗಿ ತುಂಬುವ ಕೆಲಸ. ಕೋಷ್ಟಕದಿಂದ ದೊರೆತ ಮೌಲ್ಯಕ್ಕೆ ತಣ್ಣನೆಯ ಎಂಜಿನ್ನಿಗೂ ಹಠಾತ್ ವೇಗವರ್ಧನೆಗೂ ಬೇಕಾದ ತಿದ್ದುಪಡಿಗಳು ಸೇರಿ, ಇಂಜೆಕ್ಟರು ಎಷ್ಟು ಮಿಲಿಸೆಕೆಂಡು ತೆರೆದಿರಬೇಕೆಂಬುದು ತೀರ್ಮಾನವಾಗುತ್ತದೆ.

ಎಂಜಿನ್ ನಿಂತಿರುವಾಗ ಒತ್ತಡ ಸಂವೇದಕವು ಹೊರಗಿನ ವಾಯುಭಾರವನ್ನೇ ತೋರಿಸಬೇಕು: ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್, ಬೆಂಗಳೂರಿನ ಎತ್ತರದಲ್ಲಿ ಸುಮಾರು 91. ಸಂವೇದಕ ಸರಿಯಿದೆಯೇ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಟ್ಯೂನಿಂಗ್ ವಿಧಾನ

ಕಲಿಕೆ ಕಾರಿನಿಂದಲೇ ಆರಂಭವಾಗಬೇಕಾಗಿಲ್ಲ. ಸ್ಟಿಮ್ಯುಲೇಟರ್ ಎಂಬ ಚಿಕ್ಕ ಫಲಕವು ತಿರುಗುಗುಬ್ಬಿಗಳ ಮೂಲಕ ಸಂವೇದಕಗಳ ಸಂಕೇತಗಳನ್ನು ಅನುಕರಿಸುವುದರಿಂದ, ಮೇಜಿನ ಮೇಲೆಯೇ ಎಂಜಿನ್ ಓಡುತ್ತಿರುವಂತೆ ಅಭ್ಯಾಸ ಮಾಡಬಹುದು.

ಕಾರಿನಲ್ಲಿ ನಿಷ್ಕಾಸ ಕೊಳವೆಗೆ ವೈಡ್‌ಬ್ಯಾಂಡ್ ಆಮ್ಲಜನಕ ಸಂವೇದಕವನ್ನು ಜೋಡಿಸಿ ಗಾಳಿ–ಇಂಧನ ಅನುಪಾತವನ್ನು ಅಳೆಯಲಾಗುತ್ತದೆ. ತಿದ್ದುಪಡಿಯ ಲೆಕ್ಕ ಸರಳ: ಹಳೆಯ ವಿಇ ಮೌಲ್ಯವನ್ನು ಅಳತೆಗೆ ಸಿಕ್ಕ ಅನುಪಾತದಿಂದ ಗುಣಿಸಿ, ಬೇಕಾದ ಅನುಪಾತದಿಂದ ಭಾಗಿಸಬೇಕು. ಒಂದು ಮನೆಯಲ್ಲಿ 60 ಇದ್ದು, ಬೇಕಾದದ್ದು 13.0, ಸಿಕ್ಕಿದ್ದು 14.3 ಆಗಿದ್ದರೆ ಹೊಸ ಮೌಲ್ಯ 66. ಟ್ಯೂನರ್‌ಸ್ಟುಡಿಯೊ ಈ ಲೆಕ್ಕವನ್ನು ಕಾರು ಓಡುತ್ತಿರುವಾಗ ತಾನಾಗಿಯೇ ಮಾಡಬಲ್ಲದು.

ಆದರೆ ಸಂವೇದಕ ಗುರುತಿಸುವುದು ಆಮ್ಲಜನಕವನ್ನೇ ಹೊರತು ಪೆಟ್ರೋಲನ್ನಲ್ಲ. ನಿಷ್ಕಾಸ ಕೊಳವೆಯಲ್ಲಿ ಸೋರಿಕೆಯಿದ್ದು ಹೊರಗಾಳಿ ಒಳಬಂದರೆ, ಅಥವಾ ಒಂದು ಸಿಲಿಂಡರು ಉರಿಯದೆ ತಪ್ಪಿದರೆ, ಇಂಧನ ಕಡಿಮೆಯಾಗಿದೆ ಎಂಬ ಅಳತೆಯೇ ಬರುತ್ತದೆ. ತಂತ್ರಾಂಶ ಅದನ್ನು ನಂಬಿ ಇನ್ನಷ್ಟು ಇಂಧನ ಸುರಿಸುತ್ತದೆ. ಎಂಜಿನ್ ಬಿಸಿಯಾಗುವ ಮುನ್ನ ಸ್ವಯಂಚಾಲಿತ ತಿದ್ದುಪಡಿಯನ್ನು ಅನುಮತಿಸಿದರೂ ಕೋಷ್ಟಕ ಕೆಡುತ್ತದೆ.

ಇಂಧನದ ಬಗೆಯೂ ಗೊಂದಲಕ್ಕೆ ಕಾರಣವಾಗುತ್ತದೆ. ಶುದ್ಧ ಪೆಟ್ರೋಲಿನ ಪೂರ್ಣ ದಹನಕ್ಕೆ ತೂಕದಲ್ಲಿ ಒಂದು ಭಾಗಕ್ಕೆ ಸುಮಾರು 14.7 ಭಾಗ ಗಾಳಿ ಬೇಕು. ಎಥನಾಲಿಗೆ ಸುಮಾರು 9. ಭಾರತದಲ್ಲಿ ಮಾರಾಟವಾಗುವ 20% ಎಥನಾಲ್ ಬೆರೆತ ಪೆಟ್ರೋಲಿಗೆ ಈ ಸಂಖ್ಯೆ ಸುಮಾರು 13.5. ಇಂತಹ ಇಂಧನಕ್ಕೆ ಅನುಪಾತದ ಬದಲು ಲ್ಯಾಂಬ್ಡಾ ಎಂಬ ಮಾನ ಬಳಸುವುದು ಲೇಸು. ಅದರಲ್ಲಿ ಯಾವ ಇಂಧನವಾದರೂ ಪೂರ್ಣ ದಹನದ ಬಿಂದು 1.00.

ಕಿಡಿಯ ಸಮಯ

ಕಿಡಿಯ ಕೋಷ್ಟಕಕ್ಕೆ ಇಂಥ ಸ್ವಯಂಚಾಲಿತ ನೆರವು ಇಲ್ಲ. ಮಿಶ್ರಣ ಸರಿಯಿದೆಯೇ ಎಂದು ಹೇಳುವ ಸಂವೇದಕವಿದೆ. ಕಿಡಿ ಸರಿಯಾದ ಗಳಿಗೆಯಲ್ಲಿ ಹೊತ್ತಿತೇ ಎಂದು ಅಷ್ಟೇ ನೇರವಾಗಿ ಹೇಳುವ ಅಗ್ಗದ ಸಾಧನವಿಲ್ಲ. ಕಿಡಿ ಬೇಗನೆ ಹೊತ್ತಿದರೆ ಉಳಿದ ಮಿಶ್ರಣ ತಾನಾಗಿ ಸ್ಫೋಟಿಸುವ ನಾಕಿಂಗ್ ಉಂಟಾಗಬಹುದು. ಹೆಚ್ಚು ಹೊರೆಯಲ್ಲಿ ಅದು ಮುಂದುವರಿದರೆ ಪಿಸ್ಟನ್ ಒಡೆಯುವುದೂ ಉಂಟು. ಆದ್ದರಿಂದ ಕಲಿಯುವವರು ಕಡಿಮೆ ಕೋನದ ಕೋಷ್ಟಕದಿಂದ ಆರಂಭಿಸಿ, ಡೈನಮೋಮೀಟರಿನ ಮೇಲೆ ಟಾರ್ಕ್ ಏರುವವರೆಗೆ ಮಾತ್ರ, ನಾಕಿಂಗ್ ಕಾಣದಂತೆ ಒಂದೊಂದೇ ಡಿಗ್ರಿ ಹೆಚ್ಚಿಸುವುದು ರೂಢಿ.

ಇದಕ್ಕೂ ಮುನ್ನ ಟೈಮಿಂಗ್ ದೀಪದಿಂದ ಕ್ರ್ಯಾಂಕ್ ಪುಲ್ಲಿಯ ಗುರುತನ್ನು ನೋಡಬೇಕಾಗುತ್ತದೆ. ತಂತ್ರಾಂಶ 10 ಡಿಗ್ರಿ ಎಂದು ತೋರಿಸುವಾಗ ಗುರುತು 20ರಲ್ಲಿದ್ದರೆ, ಇಡೀ ಕೋಷ್ಟಕವೇ 10 ಡಿಗ್ರಿ ತಪ್ಪಾಗಿದೆ ಎಂದರ್ಥ. ಪರದೆಯ ಮೇಲಿನ ಯಾವ ಸಂಖ್ಯೆಯೂ ಈ ತಪ್ಪನ್ನು ಬಯಲು ಮಾಡುವುದಿಲ್ಲ.

ಬಳಕೆ ಮತ್ತು ಕಾನೂನು

ಕಾರ್ಬ್ಯುರೇಟರಿನಿಂದ ಇಂಧನ ಚಿಮ್ಮುವಿಕೆಗೆ ಬದಲಾದ ಹಳೆಯ ಕಾರುಗಳಲ್ಲಿ, ರೇಸ್ ಕಾರುಗಳಲ್ಲಿ ಹಾಗೂ ಫಾರ್ಮುಲಾ ಎಸ್‌ಎಇ ಸ್ಪರ್ಧೆಗೆ ವಿದ್ಯಾರ್ಥಿಗಳು ಕಟ್ಟುವ ಕಾರುಗಳಲ್ಲಿ ಮೆಗಾಸ್ಕ್ವರ್ಟ್ ಬಳಕೆಯಾಗಿದೆ. ರಸ್ತೆಯ ವಾಹನಗಳಿಗೆ ನಿರ್ಬಂಧಗಳಿವೆ. ಅಮೆರಿಕದ ಶುದ್ಧ ಗಾಳಿ ಕಾಯ್ದೆಯು ಹೊಗೆ ನಿಯಂತ್ರಣ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸುವುದನ್ನು ನಿಷೇಧಿಸುತ್ತದೆ. ಭಾರತದಲ್ಲಿ ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದವುಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲು ಮಾಲೀಕರಿಗೆ ಅವಕಾಶವಿಲ್ಲ.