ಕಲ್ಲಿನ ಮೇಲಿನ ಸಂಖ್ಯೆ: ಮಲಪ್ರಭಾ–ಘಟಪ್ರಭಾ ಕಣಿವೆಯ ಶಿಲಾಯುಗದ ಮಾದರಿಗಳು ಮತ್ತು ಗುರುತುಚೀಟಿಯ ಚರಿತ್ರೆ

ಬಾದಾಮಿ ತಾಲ್ಲೂಕಿನ ಖ್ಯಾಡದ ಬಳಿ ಮಲಪ್ರಭೆಯ ದಂಡೆಯ ಗರಸಿನಲ್ಲಿ ಸಿಕ್ಕ ಕೈಗೊಡಲಿಯನ್ನೂ ಬಾಗಲಕೋಟೆ ಸಮೀಪದ ಅನಗವಾಡಿಯಲ್ಲಿ ಘಟಪ್ರಭೆಯ ಪಕ್ಕ ಸಿಕ್ಕ ಕೈಗೊಡಲಿಯನ್ನೂ ಚೀಟಿಯಿಲ್ಲದೆ ಒಂದೇ ಮೇಜಿನ ಮೇಲಿಟ್ಟರೆ, ಯಾವುದು ಎಲ್ಲಿಯದೆಂದು ಕಣ್ಣಂದಾಜಿನಲ್ಲಿ ಖಚಿತವಾಗಿ ಹೇಳುವುದು ಕಷ್ಟ. ಎರಡಕ್ಕೂ ಕ್ವಾರ್ಟ್ಜೈಟೇ ಮೂಲ. ಎರಡರ ಮೇಲೂ ಸಾವಿರಾರು ವರ್ಷಗಳ ಕಂದು ಪೊರೆ. ನಮ್ಮ ಪ್ರಾಗಿತಿಹಾಸದ ಬರಹಗಳು ಆಯುಧಗಳ ಬಗೆಯನ್ನು, ಕಾಲವನ್ನು ವಿಸ್ತಾರವಾಗಿ ಚರ್ಚಿಸಿವೆ. ಅವುಗಳ ಮೈಮೇಲೆ ಬರೆದ ಸಂಖ್ಯೆಯನ್ನು ಮಾತ್ರ ಚರಿತ್ರೆಯ ವಸ್ತುವಾಗಿ ನೋಡಿದ್ದು ಕಡಿಮೆ. ಆ ಸಂಖ್ಯೆ ಅಳಿಸಿದರೆ ಉಳಿದ ಚರ್ಚೆಗೆ ಆಧಾರವೇ ಇರುವುದಿಲ್ಲ.

ಈ ಚರಿತ್ರೆ ರಾಬರ್ಟ್ ಬ್ರೂಸ್ ಫೂಟ್‌ನಿಂದ ಆರಂಭವಾಗುತ್ತದೆ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸೇರಿದ ಫೂಟ್, 1863ರ ಮೇ 30ರಂದು ಮದರಾಸಿನ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಆಯುಧವನ್ನು ಗುರುತಿಸಿದರು. ಮುಂದೆ ನಮ್ಮ ಭಾಗದಲ್ಲಿ ಸುತ್ತಾಡಿ, ದಕ್ಷಿಣ ಮರಾಠಾ ಪ್ರದೇಶದ ಭೂರಚನೆ ಕುರಿತ ದೊಡ್ಡ ವರದಿಯನ್ನು 1876ರಲ್ಲಿ ಪ್ರಕಟಿಸಿದರು. ಕಲಾದಗಿ ಶಿಲಾಶ್ರೇಣಿ ಎಂಬ ಹೆಸರು ಭೂವಿಜ್ಞಾನದಲ್ಲಿ ನೆಲೆಯೂರಿದ್ದು ಅವರಿಂದಲೇ. ಇಂದು ಅದರ ಒಳಗುಂಪುಗಳಿಗೂ ಬಾಗಲಕೋಟೆ, ಬಾದಾಮಿಗಳ ಹೆಸರೇ ಇದೆ.

ಫೂಟ್ ಮೂಲತಃ ಭೂವಿಜ್ಞಾನಿ. ಯಾವ ಪದರದಿಂದ ಬಂದದ್ದೆಂದು ತಿಳಿಯದ ಕಲ್ಲು ಭೂವಿಜ್ಞಾನಿಯ ಕೆಲಸಕ್ಕೆ ಬರುವುದಿಲ್ಲ. ಆ ಶಿಸ್ತನ್ನು ಅವರು ಆಯುಧಗಳಿಗೂ ತಂದರು. ನಾಲ್ಕು ದಶಕ ಕೂಡಿಸಿದ ಅವರ ಸಂಗ್ರಹವನ್ನು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಕೊಂಡಿತು. ಫೂಟ್ 1912ರಲ್ಲಿ ತೀರಿಕೊಂಡರು. ಅವರೇ ಸಿದ್ಧಪಡಿಸಿದ ವಿವರಣಾತ್ಮಕ ಪಟ್ಟಿ 1914ರಲ್ಲಿ, ಟಿಪ್ಪಣಿಗಳ ಸಂಪುಟ 1916ರಲ್ಲಿ ಬೆಳಕು ಕಂಡವು. ಜಿಲ್ಲೆವಾರು, ಊರುವಾರು ಜೋಡಿಸಿ ಕ್ರಮಸಂಖ್ಯೆ ಕೊಟ್ಟ ಆ ಪಟ್ಟಿಯೇ ನನ್ನ ಮಟ್ಟಿಗೆ ಫೂಟ್ ಬಿಟ್ಟುಹೋದ ದೊಡ್ಡ ಆಸ್ತಿ. ಸಂಗ್ರಾಹಕ ಹೋದ ಮೇಲೂ ಒಂದು ಕಲ್ಲನ್ನು ಕಪಾಟಿನಿಂದ ತೆಗೆದು, ಪುಸ್ತಕದ ಸಾಲಿಗೆ ಹೊಂದಿಸಿ, ಅದರ ಊರಿಗೆ ಮರಳಿ ಒಯ್ಯುವ ದಾರಿ ಅದರಿಂದ ಉಳಿಯಿತು.

ಆದರೆ ಆ ಊರು ಯಾವ ಜಿಲ್ಲೆಯದು? ನಮ್ಮ ಭಾಗದ ಚೀಟಿಗಳಲ್ಲಿ ಇದು ನಿಜವಾದ ತೊಡಕು. ಫೂಟ್ ಇಲ್ಲಿ ಓಡಾಡಿದಾಗ ಇದು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆ. 1880ರ ದಶಕದಲ್ಲಿ ಜಿಲ್ಲಾ ಕೇಂದ್ರ ಬಿಜಾಪುರಕ್ಕೆ ಹೋಗಿ, ಜಿಲ್ಲೆಗೂ ಆ ಹೆಸರೇ ಬಂತು. ಆರ್. ವಿ. ಜೋಶಿ ಅವರ ಮಲಪ್ರಭಾ ಕಣಿವೆಯ ಅಧ್ಯಯನ 1955ರಲ್ಲಿ ಪ್ರಕಟವಾದಾಗ ಬಾದಾಮಿ, ಹುನಗುಂದ ಎರಡೂ ಮುಂಬಯಿ ರಾಜ್ಯದಲ್ಲಿದ್ದವು, ಮರುವರ್ಷ ಏಕೀಕರಣವಾಯಿತು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಈಚೆಗೆ ಹುನಗುಂದದಿಂದ ಇಳಕಲ್, ಬಾದಾಮಿಯಿಂದ ಗುಳೇದಗುಡ್ಡ ಬೇರೆ ತಾಲ್ಲೂಕುಗಳಾಗಿವೆ. 'ಬಿಜಾಪುರ ಜಿಲ್ಲೆ, ಹುನಗುಂದ ತಾಲ್ಲೂಕು' ಎಂದಿರುವ ಹಳೆಯ ಚೀಟಿಯ ಊರನ್ನು ಇಂದು ಬಾಗಲಕೋಟೆ ಜಿಲ್ಲೆಯ ಇಳಕಲ್ ತಾಲ್ಲೂಕಿನಲ್ಲಿ ಹುಡುಕಬೇಕಾಗಬಹುದು. ಆಲಮಟ್ಟಿಯ ಹಿನ್ನೀರಿನಿಂದ ಹಳೆ ಬಾಗಲಕೋಟೆಯ ಒಂದು ಭಾಗವೂ ಹಲವು ನದಿದಂಡೆಯ ಹಳ್ಳಿಗಳೂ ಸ್ಥಳಾಂತರವಾದವು. ಅಲ್ಲಿಯ ಆಯುಧಗಳಿಗೆ ಚೀಟಿಯ ಮೇಲಿನ ವಿಳಾಸ ಬಿಟ್ಟರೆ ಬೇರೆ ನೆಲೆಯೇ ಉಳಿದಿಲ್ಲ.

ಇನ್ನು ಬರೆಯುವ ಬಗೆ. ಕಾಗದದ ಚೀಟಿಗೆ ಮೈದಾ ಅಥವಾ ಗೋಂದಿನ ಅಂಟು ಹಚ್ಚಿ ಕಲ್ಲಿಗೆ ಒತ್ತುವುದು ಹಳೆಯ ರೂಢಿ. ಬೇಸಿಗೆಯಲ್ಲಿ ಅಂಟು ಒಣಗಿ ಚೀಟಿ ಉದುರುತ್ತದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಉಳಿದದ್ದು ಬೆಳ್ಳಿಮೀನು ಹುಳುವಿನ ಪಾಲು. ನೇರವಾಗಿ ಶಾಯಿಯಲ್ಲಿ ಬರೆದರೆ ಮರಳುಗಲ್ಲು ಅದನ್ನು ಹೀರಿಕೊಳ್ಳುತ್ತದೆ, ಮತ್ತೆ ತೆಗೆಯಲಾಗದು. ಬಿಳಿ ಬಣ್ಣದ ಪಟ್ಟಿ ಬಳಿದು ಮೇಲೆ ಬರೆಯುವುದೂ ಉಗುರುಬಣ್ಣ ಹಚ್ಚುವುದೂ ಬಳಕೆಗೆ ಬಂದವು; ಉಗುರುಬಣ್ಣ ವರ್ಷಗಳುರುಳಿದಂತೆ ಹಳದಿಯಾಗಿ ಸಿಪ್ಪೆ ಏಳುತ್ತದೆ. 1935ರಲ್ಲಿ ಅಮೆರಿಕದ ಸ್ಟಾಂಟನ್ ಏವರಿ ತಾನಾಗಿ ಅಂಟುವ ಚೀಟಿಯನ್ನು ಮಾರುಕಟ್ಟೆಗೆ ತಂದ ಮೇಲೆ ಕೆಲಸ ಹಗುರಾಯಿತು. ಅದರ ಅಂಟು ಮಾತ್ರ ಕಲ್ಲಿನ ಮೇಲೆ ಜಿಗುಟಾಗಿ ಉಳಿದು ದೂಳು ಹಿಡಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಒತ್ತಿ ಹೇಳಬೇಕು. ಈಗ ಸಂಶೋಧಕರು ಆಯುಧದ ಅಲಗಿನ ಸಂದಿಯಲ್ಲಿ ಉಳಿದ ಪಿಷ್ಟದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಿಂದ ಯಾವ ಗೆಡ್ಡೆ, ಯಾವ ಕಾಳು ಕೊಯ್ದಿರಬಹುದೆಂದು ಹುಡುಕುತ್ತಾರೆ. ಮೈದಾ ಅಂಟೂ ಪಿಷ್ಟವೇ. ಹಳಬರು ಶ್ರದ್ಧೆಯಿಂದ ಹಚ್ಚಿದ ಚೀಟಿ ಇಂದಿನ ಪರೀಕ್ಷೆಯನ್ನೇ ಕೆಡಿಸಬಲ್ಲದು.

ಹೀಗಾಗಿ ವಸ್ತುಸಂಗ್ರಹಾಲಯಗಳ ಸಂರಕ್ಷಕರು ಇಂದು ಒಪ್ಪಿರುವ ಕ್ರಮ, ಬೇಕೆಂದಾಗ ತೆಗೆಯಬಹುದಾದ ಗುರುತು. ಅಲಗನ್ನೂ ಚಕ್ಕೆ ಎದ್ದ ಮುಖ್ಯ ಭಾಗವನ್ನೂ ಬಿಟ್ಟು, ಛಾಯಾಚಿತ್ರದಲ್ಲಿ ಕಾಣದ ಒಂದು ಮೂಲೆಯನ್ನು ಒರೆಸಿ, ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು ಅಸಿಟೋನಿನಲ್ಲಿ ಕರಗಿಸಿ ತೆಳುವಾಗಿ ಬಳಿಯುತ್ತಾರೆ. ಒಣಗಿದ ಮೇಲೆ ತೆಳು ನಿಬ್ಬಿನಿಂದ ಸಂಖ್ಯೆ ಬರೆದು, ಇನ್ನೊಂದು ಪದರ ಹಚ್ಚುತ್ತಾರೆ. ಶಾಯಿ ಕಲ್ಲನ್ನು ಮುಟ್ಟುವುದೇ ಇಲ್ಲ. ಮುಂದೆಂದಾದರೂ ಸಂಖ್ಯೆ ಬದಲಿಸಬೇಕಾದರೆ ಅಸಿಟೋನ್ ಅದ್ದಿದ ಹತ್ತಿಯಿಂದ ಒರೆಸಿದರೆ ಸಾಕು. ಪಿಷ್ಟದ ಪರೀಕ್ಷೆ ಆಗಬೇಕಾದ ಕಲ್ಲನ್ನು ತೊಳೆಯದೆ, ಏನೂ ಬಳಿಯದೆ ಪೊಟ್ಟಣದಲ್ಲಿಟ್ಟು ಪೊಟ್ಟಣದ ಮೇಲೆ ಬರೆಯುತ್ತಾರೆ. ತೆಗೆಯಬಹುದಾದ ಗುರುತೆಂದರೆ ಕಳೆಯಬಹುದಾದದ್ದೂ ಹೌದು. ಆದ್ದರಿಂದ ಅದೇ ಸಂಖ್ಯೆ ರಿಜಿಸ್ಟರಿನಲ್ಲಿ, ಪೊಟ್ಟಣದೊಳಗಿನ ಚೀಟಿಯಲ್ಲಿ, ಛಾಯಾಚಿತ್ರದಲ್ಲಿ ಇರಲೇಬೇಕು.

ಈ ಶಿಸ್ತಿನ ಫಲ ಮರುಭೇಟಿಯಲ್ಲಿ ಕಾಣುತ್ತದೆ. ಫೂಟ್ ಗುರುತಿಸಿದ ತಮಿಳುನಾಡಿನ ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಮತ್ತು ಸಂಗಡಿಗರು 1999ರಿಂದ ಮತ್ತೆ ಅಗೆದರು. ನಮ್ಮಲ್ಲಿಯೂ ಜೋಶಿಯವರ ನಂತರ ಆರ್. ಎಸ್. ಪಪ್ಪು ಅನಗವಾಡಿಯನ್ನು, ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ಮಲಪ್ರಭಾ ಕಣಿವೆಯ ಲಖಮಾಪುರವನ್ನು ಅಭ್ಯಸಿಸಿದರು. ಹಿಂದಿನವರ ಊರಿನ ಹೆಸರು, ಪದರದ ವಿವರ ಸರಿಯಾಗಿದ್ದಷ್ಟೂ ಮುಂದಿನವರ ಕೆಲಸ ಗಟ್ಟಿಯಾಗುತ್ತದೆ.

ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಅಧ್ಯಾಪಕರಲ್ಲಿ, ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಹೊಲದಲ್ಲಿ, ಹಳ್ಳದಲ್ಲಿ ಇಂಥ ಕಲ್ಲು ಕಂಡರೆ ಅಲ್ಲೇ ಬಿಟ್ಟು ಫೋಟೊ ತೆಗೆಯಿರಿ. ಅಕ್ಷಾಂಶ-ರೇಖಾಂಶ, ಊರು, ಹಳೆಯ ತಾಲ್ಲೂಕು ಮತ್ತು ಹೊಸ ತಾಲ್ಲೂಕು ಬರೆದಿಟ್ಟು ಪುರಾತತ್ತ್ವ ಇಲಾಖೆಗೆ ತಿಳಿಸಿ. ಕಾಲೇಜಿನ ಕಪಾಟಿನಲ್ಲಿ ಈಗಾಗಲೇ ಇರುವ ಕಲ್ಲುಗಳ ಚೀಟಿ ಉದುರುವ ಮೊದಲೇ ಅವುಗಳ ಸಂಖ್ಯೆಯನ್ನು ಒಂದು ವಹಿಗೆ ಇಳಿಸಿ.