ಜೀವಕೋಶದೊಳಗಿನ ಜಾಲ: ಒಂದು ಶೋಧದ ಇತಿಹಾಸ



ನಮ್ಮ ಮಕ್ಕಳ ಜೀವಶಾಸ್ತ್ರದ ಪುಸ್ತಕಗಳಲ್ಲಿ ಜೀವಕೋಶದ ಚಿತ್ರವೊಂದು ಇದ್ದೇ ಇರುತ್ತದೆ. ಅದರಲ್ಲಿ ಕೋಶಕೇಂದ್ರವನ್ನು ಸುತ್ತುವರಿದಂತೆ ಮಡಿಕೆ ಮಡಿಕೆಯಾದ ಗೆರೆಗಳು ಕಾಣುತ್ತವೆ. ಅವುಗಳ ಹೆಸರು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ. ಹೆಸರು ಭಾರವಾದರೂ ಅರ್ಥ ಸರಳ: ಕೋಶದ ಒಳದ್ರವ್ಯದಲ್ಲಿ ಹರಡಿದ ಜಾಲ. ಆ ಗೆರೆಗಳು ಪಠ್ಯಪುಸ್ತಕವನ್ನು ಸೇರಲು ಅರ್ಧ ಶತಮಾನಕ್ಕೂ ಮೀರಿದ ಪರಿಶ್ರಮ ಬೇಕಾಯಿತು. ಅದರ ಬಹುಪಾಲು ನಡೆದದ್ದು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ. ದುಡಿದವರಲ್ಲಿ ಪ್ರಮುಖರು ನಮ್ಮಂತೆಯೇ ತಾಯ್ನಾಡನ್ನು ಬಿಟ್ಟು ಬಂದವರು. ಈ ಇತಿಹಾಸವನ್ನು ಇಂದು ತಮ್ಮ ಮುಂದಿಡಲು ನಾವು ಬಯಸುತ್ತೇವೆ.

ಮೊದಲು ಈ ಜಾಲದ ಸ್ಥಾನವೇನೆಂಬುದನ್ನು ತಿಳಿಯೋಣ. ಬ್ಯಾಕ್ಟೀರಿಯಾಗಳ ಕೋಶದಲ್ಲಿ ಇದು ಇಲ್ಲ. ಪ್ರತ್ಯೇಕ ಕೋಶಕೇಂದ್ರವುಳ್ಳ ಯೂಕ್ಯಾರಿಯೋಟಿಕ್ ಕೋಶಗಳಲ್ಲಿ, ಎಂದರೆ ಶಿಲೀಂಧ್ರ, ಸಸ್ಯ, ಪ್ರಾಣಿ ಮತ್ತು ಮನುಷ್ಯರ ಕೋಶಗಳಲ್ಲಿ, ಇದು ಕೋಶಕೇಂದ್ರದ ಹೊರಪೊರೆಯಿಂದಲೇ ಮುಂದುವರಿದು ಚೀಲಗಳಾಗಿ, ಕೊಳವೆಗಳಾಗಿ ಕೋಶದ ಉದ್ದಗಲಕ್ಕೂ ಹಬ್ಬುತ್ತದೆ. ಪ್ರಾಣಿಕೋಶವೊಂದರ ಒಟ್ಟು ಪೊರೆಯಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಭಾಗ ಇದರದೇ. ಇಷ್ಟು ವಿಸ್ತಾರವಾದ ಅಂಗ ಇಷ್ಟು ಕಾಲ ಕಣ್ಣಿಗೆ ಬೀಳದೆ ಉಳಿದದ್ದು ಹೇಗೆ?

ಸುಳಿವು ಸಿಕ್ಕಿರಲಿಲ್ಲವೆಂದಲ್ಲ. 1897ರಲ್ಲಿ ಫ್ರಾನ್ಸಿನ ಶಾರ್ಲ್ ಗಾರ್ನಿಯೇ, ರಸವನ್ನು ಸ್ರವಿಸುವ ಗ್ರಂಥಿಗಳ ಕೋಶಗಳಲ್ಲಿ ಬಣ್ಣವನ್ನು ಗಾಢವಾಗಿ ಹೀರುವ ಎಳೆಗಳನ್ನು ಕಂಡು ಅದಕ್ಕೆ ಎರ್ಗಾಸ್ಟೋಪ್ಲಾಸಂ, ಅಂದರೆ ದುಡಿಯುವ ದ್ರವ್ಯ, ಎಂದು ಹೆಸರಿಟ್ಟನು. 1902ರಲ್ಲಿ ಇಟಲಿಯ ಎಮಿಲಿಯೋ ವೆರಾಟ್ಟಿ ಸ್ನಾಯುತಂತುಗಳೊಳಗೆ ಸೂಕ್ಷ್ಮವಾದ ಜಾಲವೊಂದನ್ನು ಚಿತ್ರಿಸಿದನು. ಆದರೆ ಬೆಳಕಿನ ಸೂಕ್ಷ್ಮದರ್ಶಕಕ್ಕೆ ಒಂದು ಮಿತಿಯುಂಟು: ಮಿಲಿಮೀಟರಿನ ಐದು ಸಾವಿರದಲ್ಲಿ ಒಂದು ಭಾಗಕ್ಕಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಅದು ಬೇರ್ಪಡಿಸಿ ತೋರಿಸಲಾರದು. ಕಂಡದ್ದು ನಿಜವೋ ಬಣ್ಣ ಹಾಕುವಾಗ ಉಂಟಾದ ವಿಕಾರವೋ ಎಂಬ ಸಂಶಯ ಪರಿಹಾರವಾಗಲಿಲ್ಲ.

ಆ ಸಂಶಯವನ್ನು ಎರಡು ಬೇರೆ ಬೇರೆ ದಾರಿಗಳು ನಿವಾರಿಸಿದವು. ಮೊದಲನೆಯ ದಾರಿಯನ್ನು ತೆರೆದವನು ಬೆಲ್ಜಿಯಂನಿಂದ 1929ರಲ್ಲಿ ರಾಕ್‌ಫೆಲರ್ ಸಂಸ್ಥೆಗೆ ಬಂದ ವೈದ್ಯ ಆಲ್ಬರ್ಟ್ ಕ್ಲಾಡ್. ಕೋಳಿಗಳಲ್ಲಿ ಗಂಟುರೋಗ ತರುವ ವೈರಸ್ಸನ್ನು ಬೇರ್ಪಡಿಸಲು ಆತ ಕೋಶಗಳನ್ನು ಅರೆದು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದನು. ಮೊಸರನ್ನು ಕಡೆದರೆ ಬೆಣ್ಣೆ ಬೇರೆಯಾಗುವಂತೆ ಇಲ್ಲಿ ಕೋಶದ ಭಾಗಗಳು ತೂಕಕ್ಕೆ ತಕ್ಕಂತೆ ಪದರಪದರವಾಗಿ ಬೇರೆಯಾಗುತ್ತವೆ. ವೈರಸ್ಸೆಂದು ಭಾವಿಸಿದಂಥದೇ ಸೂಕ್ಷ್ಮ ಕಣಗಳು ಆರೋಗ್ಯವಂತ ಕೋಶಗಳಲ್ಲಿಯೂ ದೊರೆತವು! ಅವುಗಳನ್ನು ಆತ ಮೈಕ್ರೋಸೋಮುಗಳೆಂದು ಕರೆದನು.

ಎರಡನೆಯ ದಾರಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ್ದು. ಎಲೆಕ್ಟ್ರಾನುಗಳು ಹಾಯ್ದುಹೋಗಬೇಕಾದರೆ ವಸ್ತು ಅತ್ಯಂತ ತೆಳುವಾಗಿರಬೇಕು. ಕೋಶವನ್ನು ಅಷ್ಟು ತೆಳ್ಳಗೆ ಕತ್ತರಿಸುವ ಸಾಧನ ಆಗ ಇರಲಿಲ್ಲ. ಕೆನಡಾದ ನೋವಾ ಸ್ಕೋಷಿಯಾದಿಂದ ಬಂದಿದ್ದ ಕೀತ್ ಪೋರ್ಟರ್ ಇದಕ್ಕೊಂದು ಉಪಾಯ ಕಂಡುಕೊಂಡನು. ಕೋಳಿಭ್ರೂಣದ ಕೋಶಗಳನ್ನು ತೆಳು ಹಾಳೆಯ ಮೇಲೆ ಬೆಳೆಸಿದರೆ ಅವು ತಾವಾಗಿಯೇ ಚಪ್ಪಟೆಯಾಗಿ ಹರಡಿಕೊಳ್ಳುತ್ತವೆ. ಪೋರ್ಟರ್, ಕ್ಲಾಡ್ ಮತ್ತು ಅರ್ನೆಸ್ಟ್ ಫುಲ್ಲಂ 1945ರಲ್ಲಿ ಪ್ರಕಟಿಸಿದ ಚಿತ್ರದಲ್ಲಿ ಇಡೀ ಕೋಶವೊಂದು ಮೊದಲ ಬಾರಿಗೆ ಎಲೆಕ್ಟ್ರಾನುಗಳ ಕಣ್ಣಿನಿಂದ ಕಂಡಿತು. ಅದರೊಳಗೆ ಕಸೂತಿಯ ಲೇಸಿನಂತಹ ಜಾಲವಿತ್ತು. ಅದು ಕೋಶದ ಅಂಚನ್ನು ಮುಟ್ಟದೆ ಒಳಭಾಗದಲ್ಲಿಯೇ ಕಂಡದ್ದರಿಂದ 1950ರ ದಶಕದ ಆರಂಭದಲ್ಲಿ ಈ ಹೆಸರು ಬಂದಿತು. ಜಾಲವು ಅಂಚಿನವರೆಗೂ ಹೋಗುತ್ತದೆಂದು ಮುಂದೆ ತಿಳಿದರೂ ಹೆಸರು ಹಾಗೆಯೇ ಉಳಿಯಿತು.

1946ರಲ್ಲಿ ರುಮೇನಿಯದ ವೈದ್ಯ ಜಾರ್ಜ್ ಪಲಾಡೆ ನ್ಯೂಯಾರ್ಕಿಗೆ ಬಂದನು. ತೆಳುಛೇದಗಳನ್ನು ಕತ್ತರಿಸುವ ಯಂತ್ರಗಳು ಸಿದ್ಧವಾದ ಮೇಲೆ, ಜಾಲದ ಪೊರೆಗೆ ಅಂಟಿಕೊಂಡ ಸಣ್ಣ ಕಣಗಳನ್ನು ಆತ 1955ರಲ್ಲಿ ವರ್ಣಿಸಿದನು. ಅವೇ ಇಂದಿನ ರೈಬೋಸೋಮುಗಳು. ಮರುವರ್ಷ ಪಲಾಡೆ ಮತ್ತು ಫಿಲಿಪ್ ಸೀಕೆವಿಟ್ಸ್ ನಿರ್ಣಾಯಕವಾದ ಸಂಗತಿಯೊಂದನ್ನು ತೋರಿಸಿದರು: ಕ್ಲಾಡನ ಮೈಕ್ರೋಸೋಮುಗಳು ಬೇರೇನೂ ಅಲ್ಲ, ಕೋಶವನ್ನು ಅರೆಯುವಾಗ ತುಂಡಾದ ಇದೇ ಜಾಲದ ಚೂರುಗಳು. ಚಿತ್ರದಲ್ಲಿ ಕಂಡದ್ದೂ ಸೆಂಟ್ರಿಫ್ಯೂಜಿನಲ್ಲಿ ದೊರೆತದ್ದೂ ಒಂದೇ ಎಂದಾಗ, ಜಾಲವು ಬರಿಯ ಭ್ರಮೆಯೆನ್ನಲು ಆಧಾರ ಉಳಿಯಲಿಲ್ಲ.

ಹಾಗಾದರೆ ಜಾಲದ ಕೆಲಸವೇನು? 1960ರ ದಶಕದಲ್ಲಿ ಪಲಾಡೆ ಮತ್ತು ಸಂಗಡಿಗರು ಗಿನಿಯಿಲಿಯ ಮೇದೋಜೀರಕ ಗ್ರಂಥಿಗೆ ವಿಕಿರಣಶೀಲ ಅಮೈನೋ ಆಮ್ಲವನ್ನು ಉಣಿಸಿ ಅದರ ಪಯಣವನ್ನು ಹಿಂಬಾಲಿಸಿದರು. ಮೂರು ನಿಮಿಷಗಳಲ್ಲಿ ಅದು ರೈಬೋಸೋಮುಗಳುಳ್ಳ ಒರಟು ಜಾಲದಲ್ಲಿತ್ತು. ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಗಾಲ್ಗಿ ಪ್ರದೇಶದಲ್ಲಿ. ಎರಡು ಗಂಟೆಗಳ ಹೊತ್ತಿಗೆ ಹೊರಬೀಳಲು ಕಾದಿರುವ ಕಿಣ್ವದ ಕಣಗಳಲ್ಲಿ. ಯಾವ ಪ್ರೋಟೀನು ಜಾಲದೊಳಗೆ ಹೋಗಬೇಕೆಂದು ಕೋಶ ಅರಿಯುವುದು ಹೇಗೆ ಎಂಬುದಕ್ಕೆ ಉತ್ತರಿಸಿದವನು ಜರ್ಮನಿಯಿಂದ ಬಂದ ಗುಂಟರ್ ಬ್ಲೋಬೆಲ್. ಲಕೋಟೆಯ ಮೇಲಿನ ವಿಳಾಸದಂತೆ ಪ್ರೋಟೀನಿನ ಸರಣಿಯಲ್ಲಿಯೇ ಅದರ ಗಮ್ಯಸ್ಥಾನ ಬರೆದಿರುತ್ತದೆಂದು ಆತ ತೋರಿಸಿದನು. 1999ರಲ್ಲಿ ನೊಬೆಲ್ ಪಡೆದನು.

ವೈದ್ಯರಾದ ನಮಗೆ ಇದು ದಿನನಿತ್ಯದ ವಿಷಯ. ಯಕೃತ್ತಿನ ನುಣುಪು ಜಾಲದಲ್ಲಿ, ಅಂದರೆ ರೈಬೋಸೋಮುಗಳಿಲ್ಲದ ಭಾಗದಲ್ಲಿ, ಅನೇಕ ಔಷಧಗಳು ವಿಘಟನೆಯಾಗುತ್ತವೆ. ಫೀನೋಬಾರ್ಬಿಟೋನ್ ಸೇವಿಸುವವರಲ್ಲಿ ಈ ಜಾಲ ಬೆಳೆಯುತ್ತದೆ. ಆಗ ವಾರ್ಫರಿನ್‌ನಂತಹ ಮದ್ದು ಬೇಗ ಕರಗಿಹೋಗಿ ಅದರ ಪ್ರಮಾಣವನ್ನು ಹೆಚ್ಚಿಸಬೇಕಾಗಬಹುದು. ಆದ್ದರಿಂದಲೇ, ತಾವು ಸೇವಿಸುವ ಎಲ್ಲ ಔಷಧಗಳನ್ನೂ ವೈದ್ಯರಿಗೆ ಹೇಳಬೇಕೆಂದು ನಾವು ಒತ್ತಾಯಿಸುತ್ತೇವೆ.

ಇನ್ನೂ ಗಂಭೀರವಾದ ನಿದರ್ಶನ ಸಿಸ್ಟಿಕ್ ಫೈಬ್ರೋಸಿಸ್. ಇದರ ಜೀನು 1989ರಲ್ಲಿ ಪತ್ತೆಯಾಯಿತು. ಅತ್ಯಂತ ಸಾಮಾನ್ಯವಾದ ದೋಷದಲ್ಲಿ 1480 ಅಮೈನೋ ಆಮ್ಲಗಳ ಪ್ರೋಟೀನಿನಲ್ಲಿ ಒಂದೇ ಒಂದು ಇಲ್ಲವಾಗಿರುತ್ತದೆ. ಆ ಪ್ರೋಟೀನು ಸ್ವಲ್ಪಮಟ್ಟಿಗೆ ಕೆಲಸ ಮಾಡಬಲ್ಲದು. ಆದರೆ ಸರಿಯಾಗಿ ಮಡಿಚಿಕೊಂಡಿಲ್ಲವೆಂದು ಜಾಲದ ತಪಾಸಣೆ ಅದನ್ನು ತಡೆದು ನಾಶಕ್ಕೆ ಕಳುಹಿಸುತ್ತದೆ. ಫಲವಾಗಿ ಮಗುವಿನ ಶ್ವಾಸಕೋಶಗಳಲ್ಲಿ ಕಫ ಕಟ್ಟುತ್ತದೆ. ಅಂತಹ ಪ್ರೋಟೀನು ತಪಾಸಣೆಯನ್ನು ದಾಟುವಂತೆ ನೆರವಾಗುವ ಮೂರು ಔಷಧಗಳ ಸಂಯುಕ್ತಕ್ಕೆ ಅಮೆರಿಕದಲ್ಲಿ 2019ರಲ್ಲಿ ಅನುಮತಿ ದೊರೆಯಿತು. 1945ರಲ್ಲಿ ಜಾಲವನ್ನು ಕಂಡವರು ಯಾವ ರೋಗಕ್ಕೂ ಮದ್ದನ್ನು ಅರಸುತ್ತಿರಲಿಲ್ಲ ಎಂಬುದನ್ನು ನಾವು ಮರೆಯಬಾರದು.

1974ರ ನೊಬೆಲ್ ಪಾರಿತೋಷಕ ಕ್ಲಾಡ್, ಪಲಾಡೆ ಮತ್ತು ಬೆಲ್ಜಿಯಂನ ಕ್ರಿಶ್ಚಿಯನ್ ಡಿ ದೂವ್ ಇವರಿಗೆ ಸಂದಿತು. ಒಂದು ವಿಭಾಗದಲ್ಲಿ ಮೂವರಿಗಿಂತ ಹೆಚ್ಚು ಜನರಿಗೆ ಅದನ್ನು ಕೊಡುವಂತಿಲ್ಲ, ಪೋರ್ಟರ್ ಹೊರಗುಳಿದನು. 1970ರ ಹಾರ್ವಿಟ್ಸ್ ಪಾರಿತೋಷಕವನ್ನು ಕ್ಲಾಡ್ ಮತ್ತು ಪಲಾಡೆಯವರೊಡನೆ ಹಂಚಿಕೊಂಡಿದ್ದವನು ಆತನೇ. ಪಾರಿತೋಷಕಗಳಿಗೆ ಸಂಖ್ಯೆಯ ಮಿತಿಯಿರಬಹುದು, ಕೃತಜ್ಞತೆಗೆ ಅದಿಲ್ಲ. ಈ ಜಾಲದ ಕಥೆಯನ್ನು ನಮ್ಮ ಭಾಷೆಯಲ್ಲಿ ಹೇಳುವಾಗಲಾದರೂ ಪೋರ್ಟರನ ಹೆಸರನ್ನು ನಾವು ಬಿಡದಿರೋಣ.