ಗಳಗ್ರಂಥಿಯ ಮಾಂದ್ಯವೂ ಪುರುಷವರ್ಗವೂ

ಮನುಷ್ಯನ ಕಂಠದ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಗೆ ಸ್ವಲ್ಪ ಕೆಳಗೆ, ಶ್ವಾಸನಾಳವನ್ನು ಎರಡು ಮಗ್ಗುಲಿಂದಲೂ ತಬ್ಬಿಕೊಂಡಿರುವ ಒಂದು ಚಿಕ್ಕ ಗ್ರಂಥಿಯುಂಟು. ಇದಕ್ಕೆ ಪಾಶ್ಚಾತ್ಯ ವೈದ್ಯರು ಥೈರಾಯಿಡ್ ಎಂದು ಹೆಸರಿಟ್ಟಿರುವರು. ಗ್ರೀಕ್ ಭಾಷೆಯಲ್ಲಿ ಗುರಾಣಿಯೆಂಬರ್ಥವುಳ್ಳ ಪದದಿಂದ ಈ ಹೆಸರು ಬಂದಿತು. 1656ರಲ್ಲಿ ಇಂಗ್ಲೆಂಡಿನ ಥಾಮಸ್ ವಾರ್ಟನ್ ಎಂಬ ವೈದ್ಯನು ಗ್ರಂಥಿಗಳನ್ನು ಕುರಿತ ತನ್ನ ಪುಸ್ತಕದಲ್ಲಿ ಇದನ್ನು ಪ್ರಯೋಗಿಸಿದನು. ಗ್ರಂಥಿಯ ನಿಜವಾದ ಕಾರ್ಯವೇನೆಂಬುದು ಆತನಿಗೆ ತಿಳಿದಿರಲಿಲ್ಲ. ಕೊರಳಿಗೆ ದುಂಡುತನವನ್ನೂ ಅಂದವನ್ನೂ ಕೊಡುವುದು ಇದರ ಪ್ರಯೋಜನಗಳಲ್ಲೊಂದೆಂದೂ, ಆದುದರಿಂದಲೇ ಸ್ತ್ರೀಯರಲ್ಲಿ ಇದು ದೊಡ್ಡದಾಗಿರುವುದೆಂದೂ ಆತನು ಊಹಿಸಿದನು. ಊಹೆಯು ಸುಳ್ಳಾಯಿತು, ಆದರೆ ಈ ಗ್ರಂಥಿಯೂ ಇದರ ರೋಗಗಳೂ ಹೆಂಗಸರಿಗೆ ಸೇರಿದ ವಿಷಯವೆಂಬ ಭಾವನೆಯು ಬೇರೆ ಬೇರೆ ವೇಷಗಳಲ್ಲಿ ಬಹುಕಾಲ ಉಳಿದುಬಂದಿತು. ಆ ಭಾವನೆಯ ಮರೆಯಲ್ಲಿ ಗಂಡಸರ ಮತ್ತು ಹುಡುಗರ ಕಷ್ಟವು ಹೇಗೆ ಮಸುಕಾಯಿತು, ಕ್ರಮೇಣ ಹೇಗೆ ಬೆಳಕಿಗೆ ಬಂದಿತು ಎಂಬುದು ವಿಚಾರ ಮಾಡತಕ್ಕ ಸಂಗತಿಯಾಗಿದೆ.

ನಮ್ಮ ದೇಶದ ಪ್ರಾಚೀನ ವೈದ್ಯರು ಕೊರಳಿನ ಬಾವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಗಲಗಂಡವೆಂಬ ರೋಗದ ಲಕ್ಷಣಗಳು ಹೇಳಲ್ಪಟ್ಟಿವೆ. ವಾತ, ಕಫ, ಮೇದಸ್ಸು ಎಂಬ ಮೂರು ಕಾರಣಗಳಿಂದ ಅದನ್ನು ವಿಭಾಗಿಸಿ, ಮೇದೋಜನ್ಯವಾದುದು ಸೋರೆಕಾಯಿಯಂತೆ ಜೋಲುವುದೆಂದು ಅಲ್ಲಿ ವರ್ಣಿಸಿದೆ. ಅಲ್ಲಿ ಹೆಂಗಸು ಗಂಡಸೆಂಬ ಭೇದವನ್ನು ಎಣಿಸಿಲ್ಲ. ಆದರೆ ಕಣ್ಣಿಗೆ ಕಾಣುವ ಬಾವು ಒಂದು, ಕಣ್ಣಿಗೆ ಕಾಣದ ಮಾಂದ್ಯ ಮತ್ತೊಂದು. ಗ್ರಂಥಿಯು ಊದದೆಯೇ ಸೊರಗಿಹೋಗಬಹುದು. ಊದಿಯೂ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿರಬಹುದು. ಈ ವಿವೇಕವು ಜಗತ್ತಿನ ಯಾವ ವೈದ್ಯಪದ್ಧತಿಗೂ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದವರೆಗೆ ದೊರೆತಿರಲಿಲ್ಲ.

ಗಳಗ್ರಂಥಿಯು ಅಯೊಡಿನ್ ಎಂಬ ಮೂಲವಸ್ತುವನ್ನು ರಕ್ತದಿಂದ ಹೀರಿಕೊಂಡು, ಅದರಿಂದ ಒಂದು ರಸವನ್ನು ಸಿದ್ಧಪಡಿಸಿ ಮತ್ತೆ ರಕ್ತಕ್ಕೆ ಬಿಡುತ್ತದೆ. ಶರೀರದ ಒಂದೊಂದು ಅಂಗವೂ ಎಷ್ಟು ವೇಗದಿಂದ ಕೆಲಸಮಾಡಬೇಕೆಂಬುದನ್ನು ಗೊತ್ತುಪಡಿಸುವುದು ಈ ರಸವೇ. ಇದು ಕಡಮೆಯಾದರೆ ಒಲೆಯ ಉರಿ ತಗ್ಗಿದಂತೆ ದೇಹವ್ಯಾಪಾರವೆಲ್ಲ ತಗ್ಗುತ್ತದೆ. ಚಳಿ ತಡೆಯಲಾಗುವುದಿಲ್ಲ, ನಾಡಿ ನಿಧಾನವಾಗುತ್ತದೆ, ಚರ್ಮ ಒಣಗುತ್ತದೆ, ಮುಖ ಊದಿಕೊಳ್ಳುತ್ತದೆ, ಧ್ವನಿ ಒಡಕಾಗುತ್ತದೆ, ಮಲಬದ್ಧತೆ, ಮರೆವು, ನಿದ್ರೆ, ಕಾರಣವಿಲ್ಲದ ಆಯಾಸ ಇವೆಲ್ಲ ಒಂದೊಂದಾಗಿ ಬಂದು ಸೇರುತ್ತವೆ. ಇವು ಬರುವುದು ವರ್ಷಗಳ ಮೇಲೆ, ಕಳ್ಳನ ಹೆಜ್ಜೆಯಲ್ಲಿ. ಆದುದರಿಂದ ರೋಗಿಯು ಇದನ್ನು ವಯೋಧರ್ಮವೆಂದೂ, ಮನೆಯವರು ಸೋಮಾರಿತನವೆಂದೂ ತಿಳಿಯುವುದು ಸಹಜ.

1873ರಲ್ಲಿ ಲಂಡನ್ನಿನ ಸರ್ ವಿಲಿಯಂ ಗಲ್ ಎಂಬ ಪ್ರಸಿದ್ಧ ವೈದ್ಯನು ಅಲ್ಲಿನ ಕ್ಲಿನಿಕಲ್ ಸೊಸೈಟಿಯಲ್ಲಿ ಒಂದು ಪ್ರಬಂಧವನ್ನೋದಿ, ಪ್ರೌಢವಯಸ್ಸಿನ ಸ್ತ್ರೀಯರಿಗೆ ಬರುವ ಒಂದು ವಿಚಿತ್ರಾವಸ್ಥೆಯನ್ನು ವರ್ಣಿಸಿದನು. ಆತನ ಪ್ರಬಂಧದ ಹೆಸರಿನಲ್ಲಿಯೇ ಸ್ತ್ರೀಯರೆಂಬ ಮಾತು ಸೇರಿದ್ದಿತು. 1877ರಲ್ಲಿ ವಿಲಿಯಂ ಆರ್ಡ್ ಎಂಬಾತನು ಇದಕ್ಕೆ ಮಿಕ್ಸಿಡಿಮಾ ಎಂದು ನಾಮಕರಣ ಮಾಡಿದನು. ಅದೇ ಸೊಸೈಟಿಯು 1883ರಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಅದು ನೂರಕ್ಕೂ ಹೆಚ್ಚು ರೋಗಿಗಳ ವೃತ್ತಾಂತವನ್ನು ಕಲೆಹಾಕಿ 1888ರಲ್ಲಿ ವರದಿಯನ್ನು ಪ್ರಕಟಿಸಿತು. ಆ ರೋಗಿಗಳಲ್ಲಿ ಗಂಡಸರೂ ಇದ್ದರು, ಆದರೆ ಹೆಂಗಸರಿಗಿಂತ ಬಹಳ ಕಡಮೆ. ರೋಗವು ಸ್ತ್ರೀಯರಲ್ಲಿ ಅಧಿಕವೆಂಬುದು ನಿಜ. ಆದರೆ ಅಧಿಕವೆಂಬ ಮಾತು ಜನರ ಕಿವಿಗೆ ಬೀಳುವ ವೇಳೆಗೆ ಕೇವಲವೆಂದು ಮಾರ್ಪಡುವುದುಂಟು. ಇಲ್ಲಿ ಆದದ್ದೂ ಹಾಗೆಯೇ.

ಆದರೆ ಅದೇ ಕಾಲದಲ್ಲಿ ಫ್ರಾನ್ಸ್ ದೇಶದಲ್ಲಿ ಪುರುಷನೊಬ್ಬನೇ ಈ ರೋಗದ ಪ್ರಸಿದ್ಧ ದೃಷ್ಟಾಂತವಾದನು. ಪ್ಯಾರಿಸ್ ನಗರದಲ್ಲಿ ಸಾಲ್ಪೆಟ್ರಿಯೇರ್ ಎಂಬುದು ಹೆಂಗಸರ ಆಸ್ಪತ್ರೆ, ಬಿಸೆತ್ರ್ ಎಂಬುದು ಗಂಡಸರದು. ಬಿಸೆತ್ರ್‌ನಲ್ಲಿ ಮಂದಬುದ್ಧಿಯ ಮಕ್ಕಳ ಶುಶ್ರೂಷೆಗೂ ಶಿಕ್ಷಣಕ್ಕೂ ಬಾಳನ್ನು ಮುಡಿಪುಮಾಡಿದ ಬೂರ್ನ್‌ವಿಲ್ ಎಂಬ ವೈದ್ಯನು 1880ರಲ್ಲಿ ಒಬ್ಬ ತರುಣನ ಸ್ಥಿತಿಯನ್ನು ಬರೆದು ಪ್ರಕಟಿಸಿದನು. ಯೌವನದ ವಯಸ್ಸು, ಮಗುವಿನ ಎತ್ತರ, ಊದಿದ ಮುಖ, ಮಗುವಿನ ಮಾತು. ಆಸ್ಪತ್ರೆಯವರು ಅವನನ್ನು ‘ಪಾಷಾ’ ಎಂಬ ಅಡ್ಡಹೆಸರಿನಿಂದ ಕರೆಯುತ್ತಿದ್ದರು. ಹುಟ್ಟಿನಿಂದಲೋ ಶೈಶವದಿಂದಲೋ ಗಳಗ್ರಂಥಿಯಿಲ್ಲದವನ ಗತಿಯೇನೆಂಬುದನ್ನು ವೈದ್ಯಲೋಕವು ಅವನ ಶರೀರದಲ್ಲಿ ಓದಿ ತಿಳಿಯಿತು. ಅವನು ಮಾತ್ರ ಚಿಕಿತ್ಸೆ ಹುಟ್ಟುವುದಕ್ಕೆ ಮುಂಚೆಯೇ ಬೆಳೆಯುವ ವಯಸ್ಸನ್ನು ಕಳೆದುಕೊಂಡಿದ್ದನು.

ಗ್ರಂಥಿಗೂ ರೋಗಕ್ಕೂ ಇರುವ ಸಂಬಂಧವನ್ನು ಸ್ಥಾಪಿಸಿದುದು ಶಸ್ತ್ರವೈದ್ಯರ ಒಂದು ಪ್ರಮಾದ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೊಡೊರ್ ಕೊಕರ್ ಎಂಬಾತನು ಗಳಗಂಡವನ್ನು ಕತ್ತರಿಸಿ ತೆಗೆಯುವುದರಲ್ಲಿ ಅಸಮಾನ ಕುಶಲಿ. ಗ್ರಂಥಿಯನ್ನು ಪೂರ್ತಿಯಾಗಿ ತೆಗೆದಿದ್ದ ರೋಗಿಗಳನ್ನು ಆತನು ಮತ್ತೆ ಕರೆಯಿಸಿ ನೋಡಲು, ಪರೀಕ್ಷಿಸಿದ 18 ಮಂದಿಯಲ್ಲಿ 16 ಮಂದಿ ಜಡರಾಗಿ, ಊದಿಕೊಂಡು, ಬುದ್ಧಿಮಾಂದ್ಯಕ್ಕೆ ಒಳಗಾಗಿದ್ದರು. 1883ರಲ್ಲಿ ಕೊಕರನು ಬರ್ಲಿನ್ನಿನ ಶಸ್ತ್ರವೈದ್ಯರ ಸಭೆಯಲ್ಲಿ ಇದನ್ನು ಮುಚ್ಚಿಡದೆ ತಿಳಿಸಿದನು. ತನ್ನ ಕೈಯಿಂದಾದ ಕೇಡನ್ನು ತಾನೇ ಸಭೆಯೆದುರು ಒಪ್ಪಿಕೊಂಡುದರಿಂದ ಸಾವಿರಾರು ಜನರಿಗೆ ಮುಂದೆ ಒಳಿತಾಯಿತು. 1909ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕವು ದೊರೆಯಿತು.

ಚಿಕಿತ್ಸೆಯು ಬಂದುದು 1891ರಲ್ಲಿ. ನ್ಯೂಕಾಸಲ್ ನಗರದ ಜಾರ್ಜ್ ಮರ್ರೆ ಎಂಬ ಯುವಕವೈದ್ಯನು ಕುರಿಯ ಗಳಗ್ರಂಥಿಯ ರಸವನ್ನು 46 ವರ್ಷದ ರೋಗಿಣಿಯೊಬ್ಬಳಿಗೆ ಚುಚ್ಚಿಹಾಕಿದನು. ಆಕೆ ಚೇತರಿಸಿಕೊಂಡು ಇನ್ನೂ 28 ವರ್ಷ ಬಾಳಿ 1919ರಲ್ಲಿ ತೀರಿಕೊಂಡಳು. ಅಷ್ಟು ಕಾಲಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಬೇಕಾದುವಂತೆ. ಮರುವರ್ಷವೇ ಇದನ್ನು ಬಾಯಿಂದ ಕೊಟ್ಟರೂ ಗುಣವಾಗುವುದೆಂದು ಗೊತ್ತಾಯಿತು. 1914ರ ಕ್ರಿಸ್ಮಸ್ ದಿನ ಅಮೆರಿಕೆಯ ಎಡ್ವರ್ಡ್ ಕೆಂಡಾಲ್ ಎಂಬ ರಸಾಯನಶಾಸ್ತ್ರಜ್ಞನು ಆ ರಸದ ಸಾರವಾದ ಥೈರಾಕ್ಸಿನ್ ಎಂಬುದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದನು. 1927ರಲ್ಲಿ ಇಂಗ್ಲೆಂಡಿನ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಎಂಬುವರು ಅದನ್ನು ಪ್ರಯೋಗಶಾಲೆಯಲ್ಲಿ ಕೃತಕವಾಗಿ ತಯಾರಿಸಿದರು. ಇಂದು ರೋಗಿಗಳು ಸೇವಿಸುವ ಚಿಕ್ಕ ಮಾತ್ರೆಯು ಆ ಸಂಶೋಧನೆಯ ಸಂತಾನವೇ.

ಗಂಡಸರ ಕೊರಳನ್ನು ಸರಕಾರಗಳು ಎಣಿಕೆಯಿಟ್ಟು ನೋಡಿದುದು ಯುದ್ಧದ ನಿಮಿತ್ತದಿಂದ. ಯೂರೋಪಿನ ಪರ್ವತಪ್ರಾಂತಗಳಲ್ಲಿ ಗಳಗಂಡವುಳ್ಳ ತರುಣರು ಸೈನ್ಯಕ್ಕೆ ಅನರ್ಹರಾಗುತ್ತಿದ್ದರು. ಅಮೆರಿಕೆಯು ಮೊದಲನೆಯ ಮಹಾಯುದ್ಧವನ್ನು ಸೇರಿದಾಗ ಮಿಷಿಗನ್ ಸಂಸ್ಥಾನದ ಉತ್ತರಭಾಗದಲ್ಲಿ ಸೈಮನ್ ಲೆವಿನ್ ಎಂಬ ವೈದ್ಯನು 583 ಮಂದಿ ತರುಣರನ್ನು ಪರೀಕ್ಷಿಸಲು, ನೂರಕ್ಕೆ 30ರಷ್ಟು ಜನರಲ್ಲಿ ಗ್ರಂಥಿಯು ದೊಡ್ಡದಾಗಿದ್ದಿತು. ಅಷ್ಟರಲ್ಲಿ ಮರೀನ್ ಮತ್ತು ಕಿಂಬಲ್ ಎಂಬಿಬ್ಬರು ಒಹಾಯೊ ಸಂಸ್ಥಾನದ ಏಕ್ರನ್ ಪಟ್ಟಣದ ಪಾಠಶಾಲೆಗಳಲ್ಲಿ ಅಯೊಡಿನ್ನಿನ ಪ್ರಯೋಗವನ್ನು ಆರಂಭಿಸಿದ್ದರು. ಅದನ್ನು ಸೇವಿಸಿದ 2,190 ಹುಡುಗಿಯರಲ್ಲಿ ಐವರಿಗೆ ಮಾತ್ರ ಗ್ರಂಥಿ ದೊಡ್ಡದಾಯಿತು. ಸೇವಿಸದ 2,305 ಹುಡುಗಿಯರಲ್ಲಿ 495 ಮಂದಿಗೆ ದೊಡ್ಡದಾಯಿತು. ಇಲ್ಲಿಯೂ ಎಣಿಕೆಗೆ ಬಂದವರು ಹುಡುಗಿಯರು. ಆದರೆ ಔಷಧವು ಉಪ್ಪಿನೊಡನೆ ಬೆರೆತಾಗ ಈ ಭೇದವು ತಾನಾಗಿಯೇ ಅಳಿಯಿತು. ಸ್ವಿಟ್ಜರ್ಲೆಂಡಿನಲ್ಲಿ 1922ರಿಂದಲೂ ಮಿಷಿಗನ್ನಿನಲ್ಲಿ 1924ರ ಮೇ ತಿಂಗಳಿಂದಲೂ ಅಯೊಡಿನ್ ಸೇರಿಸಿದ ಉಪ್ಪು ಬಳಕೆಗೆ ಬಂದಿತು. ಉಪ್ಪು ತಿನ್ನದ ಗಂಡಸಿಲ್ಲವಷ್ಟೆ!

ಭಾರತದಲ್ಲಿ ಈ ವಿಷಯವನ್ನು ಕೈಕೊಂಡವರಲ್ಲಿ ಮೊದಲಿಗನಾಗಿ ಹೇಳಬೇಕಾದವನು ರಾಬರ್ಟ್ ಮೆಕ್ಯಾರಿಸನ್. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಆತನು ಗಿಲ್ಗಿತ್ ಸೀಮೆಯಲ್ಲಿದ್ದು, ಒಂದೇ ಹೊಳೆಯ ದಡದ ಹಳ್ಳಿಗಳಲ್ಲಿ ಕೆಳಕೆಳಗೆ ಹೋದಂತೆಲ್ಲ ಗಳಗಂಡವು ಹೆಚ್ಚುವುದನ್ನು ಕಂಡನು. ನೀರಿನ ಮಾಲಿನ್ಯವೇ ಕಾರಣವೆಂದು ಶಂಕಿಸಿ, ಸೋಸಿದ ಗಸಿಯನ್ನು ತಾನೂ ಕುಡಿದು ಪರೀಕ್ಷಿಸಿದನು. ಕಾರಣವನ್ನು ಕುರಿತ ಆತನ ಅಭಿಪ್ರಾಯವು ಮುಂದೆ ನಿಲ್ಲಲಿಲ್ಲವಾದರೂ ಸಾಹಸವು ಸ್ಮರಣೀಯ. ಸ್ವಾತಂತ್ರ್ಯಾನಂತರ, 1956ರಿಂದ, ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಕೆಲವು ಭಾಗಗಳಿಗೆ ಅಯೊಡಿನ್ ಉಪ್ಪನ್ನೂ ಒಂದು ಭಾಗಕ್ಕೆ ಸಾಮಾನ್ಯ ಉಪ್ಪನ್ನೂ ಕೊಡಿಸಿ, ಮೊದಲಿನವುಗಳಲ್ಲಿ ಗಳಗಂಡವು ಇಳಿದುಹೋದುದನ್ನು ಸಿದ್ಧಪಡಿಸಿದರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಯೋಜನೆಯು ಆರಂಭವಾಯಿತು.

ಉಪ್ಪಿನಿಂದ ಗುಣವಾಗದ ಮಾಂದ್ಯವೂ ಉಂಟು. 1912ರಲ್ಲಿ ಜಪಾನಿನ ಹಾಕಾರು ಹಾಶಿಮೊಟೊ ಎಂಬ ವೈದ್ಯನು ನಾಲ್ವರು ಸ್ತ್ರೀಯರ ಗ್ರಂಥಿಗಳಲ್ಲಿ ಒಂದು ವಿಶೇಷ ವಿಕಾರವನ್ನು ಕಂಡನು. ಶರೀರದ ರಕ್ಷಣಾಶಕ್ತಿಯು ದಾರಿತಪ್ಪಿ ಸ್ವಂತ ಗ್ರಂಥಿಯನ್ನೇ ಶತ್ರುವೆಂದು ತಿಳಿದು ನಾಶಮಾಡುವುದು ಇದರ ಮೂಲವೆಂದು 1956ರಲ್ಲಿ ತಿಳಿದುಬಂದಿತು. ಅಯೊಡಿನ್ನಿಗೆ ಕೊರತೆಯಿಲ್ಲದ ಸೀಮೆಗಳಲ್ಲಿ ಮಾಂದ್ಯಕ್ಕೆ ಮುಖ್ಯ ಕಾರಣವು ಇದೇ. ಇಂಗ್ಲೆಂಡಿನ ವಿಕ್‌ಹ್ಯಾಮ್ ಎಂಬಲ್ಲಿ ನಡೆದು 1977ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಸಾವಿರ ಹೆಂಗಸರಿಗೆ 14 ಮಂದಿಯೂ, ಸಾವಿರ ಗಂಡಸರಿಗೆ ಒಬ್ಬನಿಗಿಂತ ಕಡಮೆಯೂ ಸಿಕ್ಕಿದರು. ಅದೇ ಜನರನ್ನು ಇಪ್ಪತ್ತು ವರ್ಷ ಅನುಸರಿಸಿ ನೋಡಲಾಗಿ, ವರ್ಷಕ್ಕೆ ಸಾವಿರ ಹೆಂಗಸರಲ್ಲಿ 3.5ರಂತೆಯೂ ಸಾವಿರ ಗಂಡಸರಲ್ಲಿ 0.6ರಂತೆಯೂ ಹೊಸದಾಗಿ ರೋಗವು ಕಾಣಿಸಿಕೊಂಡಿತೆಂದು 1995ರಲ್ಲಿ ಪ್ರಕಟವಾಯಿತು. ಅಂಕಿಯು ಚಿಕ್ಕದು, ಆದರೆ ಲಕ್ಷಾಂತರ ಜನರಿರುವ ಜಿಲ್ಲೆಯೊಂದಕ್ಕೆ ಇದನ್ನು ಅನ್ವಯಿಸಿದರೆ ಎಷ್ಟು ಮನೆಗಳ ಮಾತಾಗುವುದೆಂಬುದನ್ನು ವಾಚಕರೇ ಲೆಕ್ಕಹಾಕಬಹುದು.

ಬಾಲಕರಲ್ಲಿ ಈ ಮಾಂದ್ಯದ ಮೊದಲ ಗುರುತು ಬಹುಶಃ ಬೆಳವಣಿಗೆಯ ಕುಂಠನ. ಹತ್ತು ಹನ್ನೆರಡು ವರ್ಷದವರೆಗೆ ಸರಿಯಾಗಿ ಬೆಳೆದ ಹುಡುಗನು ಇದ್ದಕ್ಕಿದ್ದಂತೆ ನಿಂತುಬಿಡುತ್ತಾನೆ. ಜತೆಯವರು ಹೆಗಲೆತ್ತರಕ್ಕೆ ಬಂದರೂ ಇವನ ಅಂಗಿ ಚಿಕ್ಕದಾಗುವುದಿಲ್ಲ. ಮೂಳೆಗಳ ವಯಸ್ಸು ದೇಹದ ವಯಸ್ಸಿಗಿಂತ ಹಿಂದುಳಿಯುತ್ತದೆ. ಪ್ರಾಯವು ತಡವಾಗಿ ಬರುತ್ತದೆ. ತರಗತಿಯಲ್ಲಿ ತೂಕಡಿಕೆ, ಆಟದಲ್ಲಿ ನಿರುತ್ಸಾಹ. ಇಂಥವನಿಗೆ ದಡ್ಡನೆಂಬ ಬಿರುದು, ಬೆತ್ತದ ಏಟು, ಗೆಳೆಯರ ಹಾಸ್ಯ ಇವುಗಳೇ ಎಷ್ಟೋ ಕಾಲ ಔಷಧವಾಗಿದ್ದುವು. ಉಪಾಧ್ಯಾಯನ ಬೆತ್ತವು ಗ್ರಂಥಿಯನ್ನು ಮುಟ್ಟಲಾರದು! ಸಕಾಲದಲ್ಲಿ ಮಾತ್ರೆ ದೊರೆತರೆ ನಿಂತ ಬೆಳವಣಿಗೆಯು ಮತ್ತೆ ಸಾಗುತ್ತದೆ; ತಡವಾದಷ್ಟೂ ಕಳೆದುಹೋದ ಎತ್ತರವೆಲ್ಲ ಮರಳಿ ಬಾರದು. ಹುಟ್ಟಿನಿಂದಲೇ ಬಂದ ಮಾಂದ್ಯದಲ್ಲಂತೂ ಮೊದಲ ಕೆಲವು ವಾರಗಳೇ ನಿರ್ಣಾಯಕ. ಅದಕ್ಕಾಗಿಯೇ ಕೆನಡಾ ದೇಶದ ಕ್ವಿಬೆಕ್ಕಿನಲ್ಲಿ ಜಾನ್ ದ್ಯೂಸೋ ಎಂಬಾತನು 1970ರ ದಶಕದಲ್ಲಿ ನವಜಾತಶಿಶುಗಳ ರಕ್ತದ ತೊಟ್ಟನ್ನು ಪರೀಕ್ಷಿಸುವ ಕ್ರಮವನ್ನು ಆರಂಭಿಸಿದನು. ಪಾಷಾನಿಗೆ ದೊರೆಯದ ಬಾಲ್ಯವು ಆ ಒಂದು ತೊಟ್ಟಿನಿಂದ ಅಸಂಖ್ಯ ಶಿಶುಗಳಿಗೆ ದೊರೆಯಿತು.

ಪ್ರೌಢನಾದ ಗಂಡಸಿನ ವಿಘ್ನವು ಬೇರೆ ಬಗೆಯದು. ಆಯಾಸವೆಂದು ಹೇಳಿಕೊಳ್ಳುವುದು ಗಂಡಸಿಗೆ ಹೀನವೆಂಬ ಸಂಕೋಚ ಒಂದು ಕಡೆ. ಕಾಮಶಕ್ತಿಯು ಕುಗ್ಗಿದುದನ್ನೂ ಸಂತಾನವಾಗದುದನ್ನೂ ಯಾರೊಡನೆಯೂ ಹೇಳಲಾಗದ ನಾಚಿಕೆ ಮತ್ತೊಂದು ಕಡೆ. ಈ ಎರಡಕ್ಕೂ ಗಳಗ್ರಂಥಿಯ ಮಾಂದ್ಯವು ಕಾರಣವಾಗಬಹುದೆಂದೂ, ಚಿಕಿತ್ಸೆಯಿಂದ ಬಹುಮಟ್ಟಿಗೆ ಸರಿಹೋಗಬಹುದೆಂದೂ ತಿಳಿಯದೆ ಎಷ್ಟೋ ಜನರು ಒಳಗೊಳಗೇ ಕೊರಗುವರು. ರೋಗವನ್ನು ಕಂಡುಹಿಡಿಯುವುದು ಈಗ ಕಷ್ಟವಲ್ಲ: ಗ್ರಂಥಿಯನ್ನು ಪ್ರೇರಿಸಲು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ಕಳುಹಿಸುವ ಟಿ.ಎಸ್.ಎಚ್. ಎಂಬ ರಸವು ರಕ್ತದಲ್ಲಿ ಏರಿದ್ದರೆ, ಸಾಮಾನ್ಯವಾಗಿ ಗಳಗ್ರಂಥಿಯು ಸೋತಿದೆಯೆಂದರ್ಥ. ಥೈರಾಕ್ಸಿನ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ದಿನವೂ ಸೇವಿಸಬೇಕು. ಕಬ್ಬಿಣ, ಸುಣ್ಣದಂಶಗಳ ಮಾತ್ರೆಗಳನ್ನು ಅದರೊಡನೆ ಸೇರಿಸಕೂಡದು. ವೃದ್ಧರಿಗೂ ಹೃದ್ರೋಗಿಗಳಿಗೂ ವೈದ್ಯರು ಸ್ವಲ್ಪ ಪ್ರಮಾಣದಿಂದ ಆರಂಭಿಸುವರು. ಹೆಚ್ಚಿನವರಿಗೆ ಇದು ಜೀವಮಾನದ ವ್ರತ. ಚೇತರಿಸಿಕೊಂಡೆನೆಂದು ತಾನಾಗಿಯೇ ಬಿಟ್ಟವನಿಗೆ ಹಳೆಯ ಜಾಡ್ಯವು ಮರಳಿ ಬರುವುದು.

ಕೊರಳ ಅಂದಕ್ಕೆಂದು ಊಹಿಸಲ್ಪಟ್ಟ ಗ್ರಂಥಿಯು ಬಾಳಿನ ವೇಗವನ್ನೇ ಆಳುವುದೆಂಬುದನ್ನು ತಿಳಿಯಲು ಮನುಷ್ಯನಿಗೆ ಎರಡೂಕಾಲು ಶತಮಾನ ಬೇಕಾಯಿತು. ಔಷಧವು ಸಿದ್ಧವಾಗಿ ನೂರು ವರ್ಷಗಳ ಮೇಲಾಯಿತು. ಉಳಿದಿರುವ ಕೊರತೆ ವಿದ್ಯೆಯದಲ್ಲ, ಗಮನದ್ದು. ಹಿಂದುಳಿದ ಹುಡುಗನನ್ನು ಜರೆಯುವುದಕ್ಕೆ ಮೊದಲು, ಬಳಲಿದ ಗಂಡಸನ್ನು ಸೋಮಾರಿಯೆನ್ನುವುದಕ್ಕೆ ಮೊದಲು, ಒಂದು ತೊಟ್ಟು ರಕ್ತವನ್ನು ಕೇಳಿ ನೋಡುವುದು ನ್ಯಾಯ.